ಎರಡು ಬಲತೋಳಿನ ಅಂಗಿ

ಭಾನುವಾರ, ಮಧ್ಯಾಹ್ನ

ನನ್ನ ಚಿನಕುರಳಿ ತಂಗಿಗೆ,

ಊಟವಾಯಿತೇ? ನನ್ನದಾಯಿತು. ನಿನ್ನ ಭಾವ ಎರಡು ತುತ್ತು ತಿಂದು ಕೈತೊಳೆದರು. ಫೋನಿನಲ್ಲಿ ಹೇಳೋಣವೆಂದರೆ ಅವರ ಕಿವಿ ಇಲ್ಲೇ ಇರುತ್ತದೆ, ಅದಕ್ಕೇ ಕಾಗದ.

ನಮ್ಮ ಹೊಲಿಗೆ ಅಂಗಡಿಯ ರೀತಿ ನಿನಗೆ ಗೊತ್ತೇ ಇದೆ. ಬಟ್ಟೆ ಕತ್ತರಿಸುವುದು ಅವರು. ಗುಂಡಿ, ಕಾಜಾ, ಅಂಚು ನನ್ನದು. ಯಾರು ಕೆಡಿಸಿದರೂ ಇನ್ನೊಬ್ಬರು ಗಿರಾಕಿಗಳ ಎದುರೇ ಜಾಡಿಸಬೇಕು, ಆಮೇಲೆ ಇಬ್ಬರೂ ಕೂತು ನಗಬೇಕು. ಹೊಸ ಗಿರಾಕಿಗಳು ಇವರ ಸಂಸಾರ ಇವತ್ತಿಗೆ ಮುಗಿಯಿತು ಎಂದುಕೊಳ್ಳುತ್ತಿದ್ದರು.

ಕಳೆದ ತಿಂಗಳು ಮೇಷ್ಟ್ರೊಬ್ಬರ ಅಂಗಿಗೆ ಅವರು ಎರಡು ತೋಳನ್ನೂ ಬಲಗೈಗೇ ಕತ್ತರಿಸಿಟ್ಟಿದ್ದರು. ಬಟ್ಟೆ ಮಡಚಿ ಕತ್ತರಿಸಿದರೆ ಎಡ, ಬಲ ತಾನಾಗಿ ಬರುತ್ತದೆ, ಮಡಚುವುದನ್ನೇ ಮರೆತಿದ್ದರು. ಅದಕ್ಕೂ ಮೊದಲೇ ಅಳತೆಗಳು ಮರೆತುಹೋಗುತ್ತಿದ್ದವು, ಮಾತೂ ಕಡಿಮೆಯಾಗಿತ್ತು. ಬೈಯಲು ಬಾಯೇ ಬರಲಿಲ್ಲ. ಅಂಥದೇ ಬಟ್ಟೆ ತಂದು, ನಾನೇ ಎಡತೋಳು ಕತ್ತರಿಸಿ, ಗುಟ್ಟಾಗಿ ಹೊಲಿದು ಕೊಟ್ಟೆ. ಉಳಿದ ತೋಳು ಚೂರುಬಟ್ಟೆಯ ಬುಟ್ಟಿಯಲ್ಲಿ ಅವರ ಕಣ್ಣಿಗೆ ಬಿತ್ತು. "ನೀನು ಬೈಲೇ ಇಲ್ಲ. ಅಷ್ಟೊಂದು ಕೆಟ್ಟುಹೋಗಿದೀನಾ ನಾನು?" ಎಂದರು. ಅಂದಿನಿಂದ ಕತ್ತರಿ ಮುಟ್ಟಿಲ್ಲ. ಗೋಡೆಗೆ ಮುಖಮಾಡಿ ಮಲಗಿಬಿಡುತ್ತಾರೆ.

ಡಾಕ್ಟರ ಬಳಿ ಹೋಗಿದ್ದೆವು. ಮನಸ್ಸು ಕುಗ್ಗಿದೆ, ಖಿನ್ನತೆ, ಮಾತ್ರೆ ತೆಗೆದುಕೊಂಡರೆ ಸುಧಾರಿಸುತ್ತಾರೆ ಎಂದರು. ಹಾಗಾಗಿ ನೀನು ಗಾಬರಿಬಿದ್ದು ಓಡಿಬರಬೇಡ. ಮೊಮ್ಮಗುವನ್ನು ನೋಡಿಕೋ, ಬೇಸಿಗೆಯಲ್ಲಿ ಬಂದರಾಯಿತು.

ಒಂದು ಮಾತು, ನಗಬೇಡ. ಅವರ ಬೈಗುಳವಿಲ್ಲದೆ ಮನೆ ಬಿಕೋ ಎನ್ನುತ್ತದೆ. ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲೇ ಕೂತಿರುತ್ತಾರೆ, ಆದರೂ ಅವರು ಬೇಕು ಬೇಕು ಎಂದು ಜೀವ ಹಂಬಲಿಸುತ್ತದೆ. ಊರಿಗೆ ಹೋದವರಾದರೆ ಬಾಗಿಲಲ್ಲಿ ನಿಂತು ದಾರಿ ಕಾಯಬಹುದು. ಇವರನ್ನು ಎಲ್ಲಿ ನಿಂತು ಕಾಯಲಿ, ಹೇಳು?

ನಿನ್ನೆ ಗುಂಡಿ ಹಾಕಿಕೊಡಿ ಎಂದು ಒಂದು ಅಂಗಿಯನ್ನು ಅವರ ತೊಡೆಯ ಮೇಲೆ ಹಾಕಿದೆ. ಎಲ್ಲವನ್ನೂ ಒಳಮಗ್ಗುಲಿಗೆ ಹೊಲಿದರು. ಮನಸ್ಸು ಗಟ್ಟಿಮಾಡಿಕೊಂಡು, "ಏನ್ರೀ ಇದು, ಕಣ್ಣೆಲ್ಲಿ ಇಟ್ಕೊಂಡಿದ್ರಿ? ಗಿರಾಕಿ ಅಂಗೀನ ತಿರುಗಿಸಿ ಹಾಕ್ಕೊಬೇಕಾ?" ಎಂದು ಬೀದಿಗೆ ಕೇಳುವ ಹಾಗೆ ಜಾಡಿಸಿದೆ. ತಲೆಯೆತ್ತಿದರು. "ನಿನ್ನ ಕಾಜಾ ನೆಟ್ಟಗಿದ್ಯಾ, ಮೊದಲು ಅದನ್ನ ನೋಡ್ಕೋ" ಎಂದರು! ಒಳಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಸಾಕಾಗುವಷ್ಟು ಅತ್ತೆ.

ಮಗುವಿಗೆ ನನ್ನ ಮುತ್ತು.

ನಿನ್ನ ಅಕ್ಕ

ತಾ.ಕ.: ಡಾಕ್ಟರು ಹೇಳಿದ್ದರಲ್ಲಿ ಅರ್ಧ ಮಾತ್ರ ಬರೆದಿದ್ದೇನೆ. ಕುಗ್ಗಿದ ಮನಸ್ಸು ಮೇಲೇಳುತ್ತದೆ, ಮರೆವು ಮಾತ್ರ ಹೆಚ್ಚುತ್ತಲೇ ಹೋಗುತ್ತದೆ ಎಂದರು. ಈ ಬೆಳಿಗ್ಗೆ ನಿನ್ನ ಫೋಟೋ ತೋರಿಸಿ ಇವಳು ಯಾರು ಎಂದು ಕೇಳಿದೆ. ತುಂಬ ಹೊತ್ತು ನೋಡಿ, "ಬಾಯಿ ಜೋರು ಅವಳದ್ದು" ಎಂದು ನಕ್ಕರು. ಯಾರೆಂದು ಹೇಳಲಾಗಲಿಲ್ಲ. ಬೇಸಿಗೆಯವರೆಗೆ ಕಾಯಬೇಡ ಕಣೇ. ಈ ವಾರವೇ ಬಾ.