ಪಕ್ಕದ ಮನೆಯ ಅಕ್ಕ ಬಡಿಸಿದ ಊಟ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಮ್ಮ,

ಮೊಣಕಾಲು ಹೇಗಿದೆ? ಡಾಕ್ಟರು ಹೇಳುವವರೆಗೂ ಮೆಟ್ಟಿಲು ಹತ್ತಬೇಡ. ನನ್ನ ಬಾಣಂತನಕ್ಕೆ ಬರಲಾಗಲಿಲ್ಲವೆಂದು ಕೊರಗಲೂ ಬೇಡ. ಫೋನು ಮಾಡಿದಾಗಲೆಲ್ಲ ನೀನು ಕೇಳುವುದು ಒಂದೇ ಮಾತು, "ಹೊಟ್ಟೆ ತುಂಬ ಊಟ ಮಾಡ್ತಿದೀಯೇನೇ?" ನಾನು "ಹೂಂ" ಅನ್ನುತ್ತೇನೆ. ಆ ಹೂಂ ಹಿಂದೆ ಏನಿದೆಯೆಂದು ಫೋನಿನಲ್ಲಿ ಹೇಳಲಾಗುವುದಿಲ್ಲ. ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಪುಟ್ಟ ಎದ್ದುಬಿಡುತ್ತಾನೆ. ಅದಕ್ಕೇ ಈ ಕಾಗದ.

ಮೊದಮೊದಲು ನಾನು ಊಟ ಮಾಡುತ್ತಿರಲಿಲ್ಲ ಅಮ್ಮ. ಇವರು ಹಡಗಿಗೆ ವಾಪಸಾದ ಮೇಲೆ ಒಬ್ಬಳಿಗೋಸ್ಕರ ಒಲೆ ಹಚ್ಚುವುದೇ ಬೇಜಾರು. ಅದರ ಮೇಲೆ ಈಜುಕೊಳದ ಮೇಲ್ವಿಚಾರಕಿ ಫೋನು ಮಾಡಿ, ಮಕ್ಕಳೆಲ್ಲ ಟೀಚರ್ ಯಾವಾಗ ಬರುತ್ತಾರೆಂದು ಕೇಳುತ್ತಿದ್ದಾರೆ ಅಂದಳು. ಈಜುಡುಗೆ ತೊಟ್ಟು ನೋಡಿದೆ, ತೊಡೆ ದಾಟಿ ಮೇಲೆ ಬರಲಿಲ್ಲ. ಅವತ್ತಿನಿಂದ ಎರಡು ಚೂರು ಬ್ರೆಡ್ಡು, ಕಪ್ಪು ಕಾಫಿ, ಅಷ್ಟೇ. ಮೈ ಇಳಿಯಿತು, ಹಾಲೂ ಇಳಿಯಿತು. ನೀರು ತುಂಬಿದ ಬಕೆಟ್ ಎತ್ತಲು ಹೋದರೆ ಕಣ್ಣು ಕತ್ತಲೆ ಬರುತ್ತಿತ್ತು. ಮನೆಗೆ ಬಂದು ಮಗುವಿನ ತೂಕ ನೋಡುವ ದಾದಿ ಗದರಿಕೊಂಡೇಬಿಟ್ಟರು: "ಇದೇನು ಡಯಟ್ ಮಾಡೋ ಕಾಲವೇನ್ರೀ? ನೀವು ಉಪವಾಸ ಬಿದ್ರೆ ಅವನು ಎಲ್ಲಿಗೆ ಹೋಗ್ಬೇಕು? ಬೇಳೆ ತಿನ್ನಿ, ಸೊಪ್ಪು ತಿನ್ನಿ, ಮೊಟ್ಟೆ ತಿನ್ನಿ. ಹಾಲು ಕೊಡೋಕೆ ಕೂತಾಗೆಲ್ಲ ಒಂದು ಲೋಟ ನೀರು ಕುಡೀರಿ."

ಅವತ್ತು ಸಂಜೆಯೇ ಪಕ್ಕದ ಮನೆಯ ಅಕ್ಕ ಬಾಗಿಲು ತಟ್ಟಿದಳು. ಹೆರಿಗೆಗೆ ಸ್ವಲ್ಪ ಮುಂಚೆಯಷ್ಟೇ ನಾವು ಈ ಮನೆಗೆ ಬಂದದ್ದಲ್ಲವೇ, ಅವಳ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸವಂತೆ, ರಜೆಯಲ್ಲಿದ್ದೇನೆ ಅಂದಳು. ಕೈಯಲ್ಲಿ ಮುಚ್ಚಿದ ಪಾತ್ರೆ. "ಈ ಗೋಡೆ ತುಂಬ ತೆಳ್ಳಗೆ ಕಣೆ. ದಾದಿ ಹೇಳಿದ್ದೆಲ್ಲ ಕೇಳಿಸ್ತು."

ಬೇಯಿಸಿದ ಬೇಳೆ, ಬಾಡಿಸಿದ ಸೊಪ್ಪು, ಮೊಟ್ಟೆ, ಗಟ್ಟಿ ಮೊಸರು. ಬಾಯಿಗೆ ಹಿತವಾಗಿತ್ತು ಅಮ್ಮ, ತಿನ್ನುತ್ತ ತಿನ್ನುತ್ತ ಅತ್ತೆ. ಅವಳೂ ತಟ್ಟೆ ಹಾಕಿಕೊಂಡು ನನ್ನೆದುರೇ ಕೂತಳು. ನಾನು ಒಂದು ತುತ್ತು ತಿಂದರೆ ಅವಳೂ ಒಂದು ತುತ್ತು. ನಾನು ನೀರು ಕುಡಿದರೆ ಅವಳೂ ಕುಡಿದಳು. ನನಗೆ ಸಾಕೆನಿಸಿದಾಗ ಅವಳೂ ಕೈ ತೊಳೆದಳು. ಮೊದಲ ದಿನ ಇದು ಆಕಸ್ಮಿಕ ಅಂದುಕೊಂಡೆ. ದಿನಾ ಹಾಗೇ ಆಯಿತು.

ಆದರೆ ನನ್ನ ಮುಖಕ್ಕೆ ಬಣ್ಣ ಬಂತು, ತಲೆ ಸುತ್ತುವುದು ನಿಂತಿತು. ಈಜುಡುಗೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಹೀಗಿರುವಾಗ ಅವಳ ಬಗ್ಗೆ ಕೆಟ್ಟದ್ದು ಯೋಚಿಸಲು ಮನಸ್ಸು ಬರುವುದೇ? ಸೆಕೆಯಲ್ಲೂ ದಪ್ಪ ಶಾಲು ಹೊದ್ದೇ ಬರುತ್ತಿದ್ದಳು, ಚಳಿ ಮೈ ಇರಬೇಕು ಅಂದುಕೊಂಡೆ. ಗೋಡೆಯಾಚೆ ಅವಳು ಗುನುಗುವುದು ಕೇಳಿಸುತ್ತಿತ್ತು. ಮಗು ಅತ್ತ ಮೇಲೆ ಯಾರಾದರೂ ಗುನುಗುತ್ತಾರೆ. ಅವಳು ಗುನುಗುತ್ತಿದ್ದುದು ಪುಟ್ಟ ಅಳುವ ಮೊದಲು. ಆ ಗುನುಗು ಶುರುವಾಯಿತೆಂದರೆ, ನಾನು ತೊಟ್ಟಿಲ ಹತ್ತಿರ ಹೋಗುವಷ್ಟರಲ್ಲಿ ಅವನು ಕಣ್ಣು ತೆರೆಯುತ್ತಿದ್ದ.

ಆಮೇಲಾಮೇಲೆ ಊಟವಾದ ಕೂಡಲೇ ಅವನನ್ನು ಎತ್ತಿಕೊಳ್ಳತೊಡಗಿದಳು. "ಒಂದು ಗಳಿಗೆ ಕಣ್ಣು ಮುಚ್ಚು. ನಮ್ಮನೇಲಿ ಆಡಿಸ್ಕೊಂಡಿರ್ತೀನಿ." ನಾನು ಸತ್ತಂತೆ ಮಲಗುತ್ತಿದ್ದೆ. ತಂದು ಕೊಟ್ಟಾಗ ಅವನ ಹೊಟ್ಟೆ ಗುಂಡಗಿರುತ್ತಿತ್ತು. ಎದೆಗೆ ಹಿಡಿದರೆ ಮುಖ ತಿರುಗಿಸುತ್ತಿದ್ದ. ನನ್ನ ಎದೆ ಕಲ್ಲಾಗಿ ನೋಯುತ್ತಿತ್ತು.

ಕಳೆದ ಸಲ ದಾದಿ ಬಂದವರು ತೂಕ ನೋಡಿ, "ಭೇಷ್! ಹೀಗೇ ತಿನ್ತಾ ಇರಿ" ಅಂದರು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಅಕ್ಕ ಬಂದು ಎಂದಿನಂತೆ ಪುಟ್ಟನನ್ನು ಎತ್ತಿಕೊಂಡು ಹೋದಳು. ಅವಳು ಹೋದ ದಿಕ್ಕನ್ನೇ ನೋಡುತ್ತ ದಾದಿ ದನಿ ತಗ್ಗಿಸಿದರು. "ಪಾಪ, ಇವರಿಗೂ ನಿಮ್ಮ ವಾರದಲ್ಲೇ ಹೆರಿಗೆ ಆಗಿದ್ದು. ಮಗು ಉಳೀಲಿಲ್ಲ. ಆವಾಗಿಂದ ಗಂಡ ತಮ್ಮ ಅಮ್ಮನ ಮನೇಲಿದ್ದಾರೆ. ಹಾಲು ಇಂಗೋಕೆ ಏನು ಮಾಡ್ಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ. ಇಷ್ಟು ಹೊತ್ತಿಗೆ ನಿಂತುಹೋಗಿರ್ಬೇಕು."

ದಾದಿ ಮೆಟ್ಟಿಲಿಳಿದು ಹೋದರು. ನಾನು ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದೆ. ಬಾಗಿಲು ಮುಂದಕ್ಕೆ ಹಾಕಿತ್ತಷ್ಟೇ, ಚಿಲಕ ಇರಲಿಲ್ಲ. ಒಳಗೆ ಒಂದು ಮಂಚ, ಒಂದು ತೊಟ್ಟಿಲು, ಕುರ್ಚಿಯ ಮೇಲೆ ಯಾರೂ ತೊಡದ ಪುಟಾಣಿ ಅಂಗಿಗಳು ಇಸ್ತ್ರಿಯಾಗಿ ಕೂತಿದ್ದವು. ಅವಳು ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಶಾಲು ನೆಲದ ಮೇಲೆ ಬಿದ್ದಿತ್ತು. ಅವಳ ತೋಳಿನಾಚೆ ಪುಟ್ಟನ ಕಾಲು ಕಾಣುತ್ತಿತ್ತು. ಗುಟುಕರಿಸುವ ಸದ್ದು ಬಾಗಿಲವರೆಗೂ ಕೇಳಿಸುತ್ತಿತ್ತು. ಅವಳು ಅವನನ್ನು ಹೆಸರು ಹಿಡಿದು ಮುದ್ದು ಮಾಡುತ್ತಿದ್ದಳು. ಅದು ನನ್ನ ಮಗನ ಹೆಸರಲ್ಲ.

ತಿರುಗಿ ನೋಡದೆಯೇ ಅಂದಳು, "ಬಂದ್ಯಾ? ಸ್ವಲ್ಪ ತಾಳು. ಇನ್ನೊಂದು ಕಡೆ ಬಾಕಿ ಇದೆ."

ನಾನು ಅವಳ ಮುಂದೆ ಹೋಗಿ ನಿಂತೆ. ಪುಟ್ಟನ ಅಂಗೈ ಅವಳ ಎದೆಯ ಮೇಲೆ ಅರಳುತ್ತಿತ್ತು, ಮುದುಡುತ್ತಿತ್ತು. ನನ್ನ ಹತ್ತಿರವೂ ಹಾಗೇ ಮಾಡುತ್ತಾನೆ. ಕೊನೆಗೆ ಕಿತ್ತುಕೊಂಡೆ ಅಮ್ಮ, ಕಿತ್ತುಕೊಂಡೆ ಅಂತಲೇ ಹೇಳಬೇಕು. ಅವನು ಕಿರುಚಿ ಅತ್ತ. ಅವನು ಒಂದೊಂದು ಸಲ ಅತ್ತಾಗಲೂ ಅವಳ ಅಂಗಿಯ ಮೇಲಿನ ಒದ್ದೆ ಅಗಲವಾಗುತ್ತಿತ್ತು. ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ನಿನ್ನ ಪಾಲಿಂದು ನಾನೇನೂ ಕದ್ದಿಲ್ಲ ಕಣೆ," ಅಂದಳು. "ನೀನು ತಿಂದಷ್ಟೇ ನಾನೂ ತಿಂದಿದೀನಿ."

ಮಾರನೆಯ ದಿನ ದಾದಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಇಬ್ಬರಿಗೂ ಬೈದರು. ಹೇಳದೆ ಕೇಳದೆ, ಪರೀಕ್ಷೆ ಮಾಡಿಸದೆ ಇನ್ನೊಬ್ಬರ ಮಗುವಿಗೆ ಹಾಲು ಕೊಡುವುದೇ ಅಂತ ಅವಳಿಗೆ, ಇಷ್ಟು ದಿನ ಕಣ್ಣು ಮುಚ್ಚಿಕೊಂಡಿದ್ದಿರಾ ಅಂತ ನನಗೆ. ಅವಳ ರಕ್ತಪರೀಕ್ಷೆ ಮಾಡಿಸಿದರು, ಏನೂ ತೊಂದರೆಯಿಲ್ಲವಂತೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗಾಗಿ ಆಸ್ಪತ್ರೆಯಲ್ಲಿ ಎದೆಹಾಲು ಶೇಖರಿಸುತ್ತಾರೆ, ಈಗ ಅವಳು ಬೆಳಗ್ಗೆ ಅಲ್ಲಿಗೆ ಹೋಗಿ ಕೊಟ್ಟುಬರುತ್ತಾಳೆ. ನನ್ನ ಅಡುಗೆ ನಾನೇ ಮಾಡಿಕೊಳ್ಳುತ್ತೇನೆ. ಕಾಳು ನೆನೆಸಿಡುತ್ತೇನೆ, ದಿನಕ್ಕೊಂದು ಸೊಪ್ಪು, ಸಂಜೆಗೆ ಹಣ್ಣು; ಕಾಫಿ ಬೆಳಗ್ಗೆ ಒಂದೇ ಲೋಟ. ಮಧ್ಯಾಹ್ನ ಬಾಗಿಲಿಗೆ ಚಿಲಕ ಹಾಕಿ, ಪುಟ್ಟನನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತೇನೆ. ನೀನು ನಿಶ್ಚಿಂತೆಯಿಂದಿರು. ಇವರಿಗೆ ಮಾತ್ರ ಏನೂ ಹೇಳಬೇಡ. ಸಮುದ್ರದ ಮಧ್ಯೆ ಕೂತು ಏನು ಮಾಡಿಯಾರು?

ಇಂತಿ, ನಿನ್ನ ಬೈಗುಳಕ್ಕೂ ಮುದ್ದಿಗೂ ಕಾದಿರುವ
ದೊಡ್ಡ ಮಗಳು

ತಾ.ಕ.: ಸಹಿ ಹಾಕಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಚಿಲಕ ಹಾಕಿದ್ದು ಕೆಲವು ದಿನ ಮಾತ್ರ. ಪುಟ್ಟ ಗೋಡೆಯ ಕಡೆಗೇ ಮುಖ ಮಾಡಿ ಅಳುತ್ತಿದ್ದ. ಆಚೆ ಕಡೆ ಒಂದು ಸದ್ದೂ ಇರುತ್ತಿರಲಿಲ್ಲ. ಆ ಮೌನ ತಡೆಯಲಾಗದೆ ನಾನೇ ಎತ್ತಿಕೊಂಡು ಹೋಗಿ ಅವಳ ಮಡಿಲಲ್ಲಿ ಇಟ್ಟುಬಂದೆ. ಈಗಲೂ ಅಲ್ಲೇ ಇದ್ದಾನೆ. ಇಷ್ಟುದ್ದ ಬರೆಯಲು ನನಗೆ ಪುರಸೊತ್ತು ಎಲ್ಲಿಂದ ಬಂತು ಅಂದುಕೊಂಡೆ? ಇದೋ, ಗೋಡೆಯಾಚೆ ಗುನುಗು ಶುರುವಾಯಿತು. ಅದು ಕಿವಿಗೆ ಬಿದ್ದದ್ದೇ ತಡ, ಅಮ್ಮ, ಇಲ್ಲಿ ನನ್ನ ಅಂಗಿ ಒದ್ದೆಯಾಗುತ್ತಿದೆ.