ದೊಡ್ಡ ಬಾಗಿಲು

ಜೇಬೆಜ್,

ಸತ್ತವನಿಗೆ ಕಾಗದ ಬರೀತಾನೆ ಅಂತ ನಗಬೇಡ. ಇವತ್ತು ನಾನೀಗ ಪಾಠ ಹೇಳುವ ಶಾಲೆಯ ಹೆಡ್‌ಮಾಸ್ತರರ ಜೊತೆ ಶೆಫೀಲ್ಡಿಗೆ ಕ್ರಿಕೆಟ್ ಪಂದ್ಯ ನೋಡಲು ಹೋಗಿದ್ದೆ. ಕಾಲು ತಾನಾಗಿಯೇ ಪಕ್ಕದ ಸಣ್ಣ ಗೇಟಿನ ಕಡೆ ತಿರುಗಿತು. ಕೂಲಿಗೆ ಆಡುತ್ತಿದ್ದ ನಾವಿಬ್ಬರೂ ಅಷ್ಟು ವರ್ಷ ನುಗ್ಗಿದ್ದು ಅದರಲ್ಲೇ ಅಲ್ಲವೇ? ಕಾವಲಿನವನು ತಡೆದ. "ಅದು ಕೂಲಿ ಆಟಗಾರರದ್ದು ಮೇಷ್ಟ್ರೇ. ನೀವು ದೊರೆಗಳ ಬಾಗಿಲಲ್ಲಿ ಬನ್ನಿ."

"ಸಾಯೋದ್ರೊಳಗೆ ಒಂದ್ಸಲ ಆ ಬಾಗಿಲಲ್ಲಿ ಹೋಗ್ಬೇಕು ಕಣೋ" ಅಂತಿದ್ದೆಯಲ್ಲ, ಹೋದೆ. ಮೆತ್ತನೆಯ ಕುರ್ಚಿ, ತಣ್ಣಗಿನ ಮಾಂಸ. ಗೋಡೆಯಾಚೆ ನಮ್ಮವರ ಕೋಣೆಯಿಂದ ಗಹಗಹಿಸುವ ನಗು. ಪಕ್ಕದಲ್ಲಿದ್ದ ದೊರೆ ಮೂಗು ಮುರಿದು, "ಕೂಲಿಯವರ ಗಲಾಟೆ! ನೀವೂ ಆಡ್ತಿದ್ರಾ, ಮೇಷ್ಟ್ರೇ?" ಎಂದ.

"ಇಲ್ಲ ದೊರೆ" ಎಂದೆ.

ಆಂಬ್ರೋಸ್