ಅಕ್ಕನೇ ಆರಿಸಬೇಕಾದ ಗ್ರಾಫಿಕ್ಸ್ ಕಾರ್ಡು

ಬಿಬವೇವಾಡಿ, ಪುಣೆ
ಪಂಚಮಿಗೆ ಮುಂಚೆ, ೨೦೦೬

ಬಿಬವೇವಾಡಿ ಸಂಸ್ಥಾನದ ಮಾಜಿ ಸಾಮ್ರಾಜ್ಞಿ, ಕೀಬೋರ್ಡ್ ಕಂಠೀರವೆ, ಸಕಲ ಕಾರ್ ರೇಸುಗಳಲ್ಲಿ ತಮ್ಮನನ್ನು ಗೋಡೆಗೆ ಗುದ್ದಿಸಿ ಗೆದ್ದ ರಣಧೀರೆ, ಸದ್ಯಕ್ಕೆ ಇಂದಾಪುರದ ಸೊಸೆಪೀಠದಲ್ಲಿ ವಿರಾಜಮಾನಳಾದ ಸೌಭಾಗ್ಯವತಿ ಶೈಲಶ್ರೀ ಅಕ್ಕನವರ ಪಾದಗಳಿಗೆ, ಸಾಮ್ರಾಜ್ಯದ ಏಕೈಕ ಪ್ರಜೆಯಾದ ತಮ್ಮ ಬಸವಲಿಂಗನು ಉದ್ದಂಡ ಅಡ್ಡಬಿದ್ದು ಮಾಡುವ ಬಿನ್ನಹ.

ಇತ್ತ ಎಲ್ಲರೂ ಕ್ಷೇಮ, ಕಂಪ್ಯೂಟರ್ ಒಂದನ್ನು ಬಿಟ್ಟು. ನಮ್ಮ ಪಟ್ಟದಾನೆಗೆ ವಯಸ್ಸಾಯಿತೆಂಬುದು ತಮಗೆ ಗೊತ್ತೇ ಇದೆ. ಚಾಲೂ ಮಾಡಿದರೆ ಘಟ್ಟ ಹತ್ತುವ ಎಸ್‌ಟಿ ಬಸ್ಸಿನಂತೆ ಫ್ಯಾನು ಒದರುತ್ತದೆ. ಹೊಸ ರೇಸ್ ಗೇಮಿನ ಸೀಡಿ ಹಾಕಿದೆ. ಕಾರು ಬಂತು, ರಸ್ತೆ ಬರಲಿಲ್ಲ. ಆಮೇಲೆ ರಸ್ತೆ ಬಂತು, ಕಾರು ಹೋಯಿತು. ಕೊನೆಗೆ ಎರಡೂ ಕೂಡಿ ನಿಂತುಬಿಟ್ಟವು. ಸಾಕು, ಈ ತಾವು-ಗೀವು ನನ್ನಿಂದಾಗದು. ಅಕ್ಕಾ, ನಾನು ಭಾಳ ಸಂಕಟದಲ್ಲಿದ್ದೇನೆ.

ಮಾರ್ಕೆಟ್ಟಿನ ಹರಿಶ್ಚಂದ್ರಣ್ಣನ ಕಂಪ್ಯೂಟರ್ ಅಂಗಡಿಗೆ ಅದನ್ನು ಹೊತ್ತುಕೊಂಡು ಹೋಗಿ, “ಒಂದು ಗ್ರಾಫಿಕ್ಸ್ ಕಾರ್ಡ್ ಹಾಕಿಕೊಡ್ರಿ” ಅಂದೆ. ಅವನು ಮುಚ್ಚಳ ತೆಗೆದು ಇಣುಕಿದ. “ಈಗಿನ ಕಾರ್ಡ್ ನಿಮ್ಮ ಮದರ್‌ಬೋರ್ಡಿನಾಗ ಕೂಡಂಗಿಲ್ಲ ತಮ್ಮಾ. ಬೋರ್ಡ್ ಬದಲಿ ಮಾಡಬೇಕು. ಬೋರ್ಡ್ ಬದಲಾದ್ರ ಈ ಪ್ರೊಸೆಸರ್ ನಡೆಯಂಗಿಲ್ಲ. ಹಳೇ ರ್‍ಯಾಮೂ ನಡೆಯಂಗಿಲ್ಲ. ಇಷ್ಟಕ್ಕೆಲ್ಲಾ ಈ ಪವರ್ ಸಪ್ಲೈ ಸಾಲಂಗಿಲ್ಲ.” “ಹಂಗಾರ ಉಳಿಯೂದೇನ್ರಿ?” ಅಂತ ಕೇಳಿದೆ. “ಡಬ್ಬಿ” ಅಂದ. ಅವರ ಮನೆಯಲ್ಲಿ ಹೆಸರಿಡುವಾಗ ಸ್ವಲ್ಪ ಯೋಚಿಸಿದ್ದರೆ ನನ್ನ ಸಮಾಧಾನಕ್ಕೆ ಒಂದು ಸುಳ್ಳಾದರೂ ಹೇಳುತ್ತಿದ್ದ.

ಅಪ್ಪ ಒಂದೇ ಮಾತಿಗೆ ಕೂತಿದ್ದಾನೆ. “ಏನು ತರಬೇಕು, ಏನು ಬಿಡಬೇಕು, ಶೈಲಾ ಆರಿಸಲಿ. ವೈರಸ್ ಬಂದದ ಅಂತ ನನ್ನ ಕೈಲೆ ಕಂಪ್ಯೂಟರಿಗೆ ಬೇವಿನ ಹೊಗಿ ಹಾಕಿಸಿದಾವ ನೀನು. ನಿನ್ನ ಮಾತು ನಂಬಂಗಿಲ್ಲ.” ನ್ಯಾಯವಾದ ಮಾತು. ಆ ಹೊಗೆಗೆ ನೀನೂ ಗಾಳಿ ಬೀಸಿದ್ದೆ ಅನ್ನುವುದು ಮಾತ್ರ ಅಪ್ಪನಿಗೆ ಗೊತ್ತಿಲ್ಲ.

ಅದಕ್ಕೇ ಮೊನ್ನೆ ಎಸ್‌ಟಿಡಿ ಬೂತಿಗೆ ಹೋಗಿ ನಿಮ್ಮನೆಗೆ ಫೋನು ಹಚ್ಚಿದೆ. ಯಾರೋ ಮುದುಕಿಯ ದನಿ. ಶೈಲಶ್ರೀಯನ್ನು ಕರೆಯಿರಿ ಎಂದು ಮರಾಠಿಯಲ್ಲಿ ಎಷ್ಟು ವಿನಯದಿಂದ ಕೇಳಿದೆ ಗೊತ್ತೇ? “ಇಥೆ ಕೋಣೀ ಶೈಲಶ್ರೀ ನಾಹೀ.” ಇಲ್ಲಿ ಶೈಲಶ್ರೀ ಅಂತ ಯಾರೂ ಇಲ್ಲ. ಠಪ್ ಅಂತ ಇಟ್ಟರು. ನಂಬರು ತಪ್ಪಿರಬೇಕೆಂದು ಮತ್ತೆ ಒತ್ತಿದೆ. ಅದೇ ದನಿ, ಅದೇ ಮಾತು, ಈ ಸಲ ಸಿಟ್ಟು ಬೆರೆತಿತ್ತು.

ಆಗ ನೆನಪಾಯಿತು. ನಿಮ್ಮ ಅತ್ತೆಮನೆಯ ಪದ್ಧತಿಯಂತೆ ಲಗ್ನದ ದಿನ ತಾಟಿನಲ್ಲಿ ಅಕ್ಕಿ ಹರವಿ, ಭಾವನವರು ಉಂಗುರದಿಂದ ನಿನ್ನ ಹೊಸ ಹೆಸರು ಬರೆದರಲ್ಲ, ‘ಪೂರ್ವಾ’ ಅಂತ. “ಅಕ್ಕನ ಹೊಸಾ ವರ್ಷನ್ ಬಂತು” ಅಂತ ಕೂಗಿ ಮಂಟಪವನ್ನೇ ನಗಿಸಿದವನು ನಾನು. ನೀನೂ ನಕ್ಕಿದ್ದೆ. ಆಮೇಲೆ ಯಾರೋ ತಾಟು ಅಲುಗಿಸಿ ಅಕ್ಕಿ ಒಟ್ಟುಮಾಡಿದರು. ಅಲ್ಲಿಗೆ ಆ ಹೆಸರು ಮುಗಿಯಿತು ಅಂದುಕೊಂಡಿದ್ದೆ.

ಮೂರನೇ ಸಲ ಫೋನು ಹಚ್ಚಿ ಪೂರ್ವಾನ್ನ ಕರೆಯಿರಿ ಅಂದಿದ್ದರೆ ನೀನು ಬರುತ್ತಿದ್ದೆ. ನನಗೆ ಬಾಯಿ ಬರಲಿಲ್ಲ, ಅಕ್ಕಾ. ರಿಸೀವರ್ ಹಿಡಿದು ನಿಂತೇ ಇದ್ದೆ. ಬೂತಿನವ “ಬೋಲಾ ಕೀ!”, ಮಾತಾಡ್ರಲ್ಲ, ಅಂತ ಗದರಿದ. ಓಣಿಗೆಲ್ಲ ಸುಳ್ಳು ಹಂಚಿದ ಬಾಯಿಗೆ ಒಂದು ಖರೇ ಹೆಸರು ಹೇಳಲಾಗಲಿಲ್ಲ. ಈ ಲಕೋಟೆಯ ಮೇಲೆ ಪೂರ್ವಾ ಅಂತಲೇ ಬರೆಯುತ್ತೇನೆ, ಇಲ್ಲದಿದ್ದರೆ ಟಪಾಲಿನವನೂ ವಾಪಸ್ ಕಳಿಸಿಯಾನು.

ಲಗ್ನವಾದ ಮೇಲೆ ನೀನು ತವರಿಗೆ ಬರಬೇಕಾದ ಮೊದಲ ನಾಗರಪಂಚಮಿಗೆಂದು ಅವ್ವ ಉಂಡಿ ಕಟ್ಟಲು ಎಳ್ಳು, ಬೆಲ್ಲ ತರಿಸಿ ಇಟ್ಟಿದ್ದಾಳೆ. ನಿಮ್ಮತ್ತೆ ನಿನ್ನನ್ನು ಕಳಿಸುವ ಸುದ್ದಿಯೇ ಇಲ್ಲ. ಅಪ್ಪ ಕೇಳಲಾರ, ಅವ್ವ ಕೇಳಲಾರಳು. ಹೆಣ್ಣು ಕೊಟ್ಟವರು ತಗ್ಗಿ ಇರಬೇಕಂತೆ. ಆದ್ದರಿಂದ ನೀನೇ ಹೇಳು: ತವರುಮನೆ ಕಂಪ್ಯೂಟರಿಗೆ ಸೀರಿಯಸ್ ಆಗಿದೆ, ನೋಡಿ ಬರಬೇಕು ಅಂತ. ಅವರು ನಗಲಿ. ನಕ್ಕವರಿಗೆ ಇಲ್ಲ ಅನ್ನುವುದು ಕಷ್ಟ. ಸ್ವಾರಗೇಟಿನಿಂದ ಬಸ್ ಹತ್ತಿ ಕರೆಯಲಿಕ್ಕೆ ನಾನೇ ಬರುತ್ತೇನೆ. ನಿಮ್ಮ ಬಾಗಿಲಲ್ಲಿ ನಿಂತು ಏನಂತ ಕೂಗಲಿ ಅನ್ನುವುದೊಂದನ್ನು ಬರೆದು ತಿಳಿಸು.

ಸಣ್ಣವರು ದೊಡ್ಡವರಿಗೆ ಆಶೀರ್ವಾದ ಮಾಡಬಾರದಂತೆ. ಆದರೂ ಮಾಡುತ್ತೇನೆ, ತಡೆಯುವವರು ಯಾರಿದ್ದಾರೆ? ಆ ಮನೆಯಲ್ಲಿ ನಿನ್ನ ಮಾತಿಗೆ ಎಲ್ಲರೂ ನಗುವಂತಾಗಲಿ, ಮತ್ತು ಅವರೆಲ್ಲ ಪ್ರತಿ ರೇಸಿನಲ್ಲೂ ನಿನಗೆ ಸೋಲಲಿ.

ನಿನ್ನಿಂದ ಗೋಡೆಗೆ ಗುದ್ದಿಸಿಕೊಳ್ಳಲು ಸದಾ ಸಿದ್ಧನಾದ,
ಬಸವಲಿಂಗ

ತಾ.ಕ.: ಇದನ್ನು ಅಪ್ಪನಿಗೆ ಹೇಳಬೇಡ. ನಿನ್ನೆ ಚಿತ್ರದ ಸೆಟ್ಟಿಂಗ್ ಪೂರಾ ಕೆಳಗಿಳಿಸಿ ನೋಡಿದೆ. ಹಳೇ ಕಂಪ್ಯೂಟರಿನಲ್ಲೇ ಗೇಮು ಓಡಿತು. ಯಾವ ಪಾರ್ಟೂ ಬೇಕಾಗಿಲ್ಲ. ಆದರೆ ಕುರ್ಚಿಯಿಂದ ನನ್ನನ್ನು ನೂಕಲು ಯಾರೂ ಬರಲಿಲ್ಲ, ಎರಡನೇ ಸುತ್ತಿಗೆ ನಾನೇ ಎದ್ದುಬಿಟ್ಟೆ.